ಬೆಟ್ಟಬೀರನಿಗೆ ನೀರು ಕೊಟ್ಟ ದಾಸಮ್ಮ

ತೋವಿನಕೆರೆಯಿಂದ ಮೂರು ಕಿಲೋಮೀಟರ್ ಒಳಕ್ಕೆ ಹೋದರೆ ಬಸವನಹಟ್ಟಿ. ಅಲ್ಲಿನ ಕೆಳಗೇರಿಯ ದಾಸಮ್ಮನಿಗೆ ಈಗ ಅರವತ್ತೆಂಟು. ಶಾಲೆಯಲ್ಲಿ ಹದಿನಾಲ್ಕು ವರ್ಷ ಬಿಸಿಯೂಟ ಬೇಯಿಸಿದಾಕೆ. ಬಾಯಿ ಸ್ವಲ್ಪ ಜೋರು. ಸಾರಿಗೆ ಉಪ್ಪು ಕಮ್ಮಿ ಅಂದ ಮೇಷ್ಟ್ರಿಗೆ, "ಈ ಮಾತ್ನ ಮನೇಲಿ ಮೇಡಮ್ನೋರ್ ಮುಂದೆ ಒಂದ್ಸಲ ಹೇಳಿ ನೋಡಿ ಸಾ," ಅಂದುಬಿಟ್ಟಿದ್ದಳು. ಆಮೇಲೆ ಆ ಮೇಷ್ಟ್ರು ಉಪ್ಪಿನ ಸುದ್ದಿಗೇ ಬರಲಿಲ್ಲ.

ಆದರೂ ಸುತ್ತಮುತ್ತಲಿನ ಊರುಗಳಲ್ಲಿ ಆಕೆಯನ್ನು ಸಾರಿನ ದಾಸಮ್ಮ ಅನ್ನುವುದಿಲ್ಲ, ನೀರಿನ ದಾಸಮ್ಮ ಅನ್ನುತ್ತಾರೆ. ಅದಕ್ಕೊಂದು ಕಾರಣವಿದೆ.

ಬಸವನಹಟ್ಟಿಯವರು ಸುಗ್ಗಿ ಮುಗಿದ ಮೇಲೆ ಮೂಡಲಪಾಯದ ಬಯಲಾಟ ಕಟ್ಟುತ್ತಿದ್ದರು. ಕಥೆ ಒಂದೇ, ಬೆಟ್ಟಬೀರನದು. ಊರ ಮೇಲೆ ಉರುಳಿಬರುವ ಬಂಡೆಯನ್ನು ಬೀರ ಹೆಗಲ ಮೇಲೆ ಹೊತ್ತು ಮೂರು ದಿನ ನಡೆದು, ಕೊನೆಗೆ ಕೆರೆ ಏರಿಯ ಮೇಲೆ ಕುಸಿದು ಬೀಳುತ್ತಾನೆ. ರಾಜ ಬಂದು ಎಬ್ಬಿಸಿದರೂ ಏಳುವುದಿಲ್ಲ, ದೇವರು ಬಂದು ಎಬ್ಬಿಸಿದರೂ ಏಳುವುದಿಲ್ಲ. ಆಗ ಭಾಗವತರು ಪದ ನಿಲ್ಲಿಸಿ, "ನೀರು ಕೊಡೋರಿಲ್ವೇನ್ರಪ್ಪೋ!" ಅಂತ ಕೂಗುತ್ತಾರೆ. ನೋಡಲು ಕೂತ ಜನರ ನಡುವಿನಿಂದ ಕೆಳಗೇರಿಯ ಹೆಂಗಸೊಬ್ಬಳು ತಂಬಿಗೆ ಹಿಡಿದು ಎದ್ದು ಹೋಗಬೇಕು. ಆಕೆ ಕೊಟ್ಟ ನೀರು ಕುಡಿದರೇ ಬೀರ ಏಳುವುದು. ಮೊದಲು ಈ ಕೆಲಸ ದಾಸಮ್ಮನ ಅತ್ತೆಯದಾಗಿತ್ತು. ಅತ್ತೆ ಹೋದ ಮೇಲೆ ಮೂವತ್ತೊಂದು ವರ್ಷ ದಾಸಮ್ಮನದೇ.

ಬೀರನ ವೇಷ ಮೇಲುಗೇರಿಯ ರೇಣುಕಯ್ಯನವರದು. ಮನುಷ್ಯ ಕೆಟ್ಟವರಲ್ಲ. ಪದದಲ್ಲಿ, ಬೀರ ತಂಬಿಗೆಯನ್ನು ಬಾಯಿಗಿಟ್ಟು ಗಟಗಟ ಕುಡಿದ ಅಂತ ಚೆನ್ನಾಗಿಯೇ ಇದೆ. ಭಾಗವತರು ಹಾಡುತ್ತಿದ್ದದ್ದೂ ಅದನ್ನೇ. ರೇಣುಕಯ್ಯ ಮಾತ್ರ ಕೈ ಜೋಡಿಸಿ ಬೊಗಸೆ ಒಡ್ಡುತ್ತಿದ್ದರು, ದಾಸಮ್ಮ ಮೊಳದೆತ್ತರದಿಂದ ಹುಯ್ಯುತ್ತಿದ್ದಳು. ತಂಬಿಗೆಗೆ ತುಟಿ ಸೋಕುತ್ತಿರಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳುವುದೇನು ಬಂತು ಮಣ್ಣು, ಎಲ್ಲರಿಗೂ ಗೊತ್ತಿದ್ದದ್ದೇ! ಅಷ್ಟು ಜೋರುಬಾಯಿಯ ದಾಸಮ್ಮನೂ ಇದೊಂದರಲ್ಲಿ ತುಟಿ ಬಿಚ್ಚಲಿಲ್ಲ. ಪ್ರತಿ ಸಲ ಮನೆಗೆ ಬಂದು ಆ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಸಿಟ್ಟಿನಿಂದ ತಿಕ್ಕುತ್ತಿದ್ದಳು, ಅಷ್ಟೇ.

ಎರಡು ವರ್ಷದ ಹಿಂದೆ ಮೂರು ಕಾರು ಬಂದು ಊರಲ್ಲಿ ನಿಂತವು. ಪ್ರಸನ್ನಕುಮಾರ್ ಅನ್ನುವ ಡೈರೆಕ್ಟರ್ರು ಇಳಿದರು. ಬೆಟ್ಟಬೀರನ ಕಥೆಯನ್ನು ನೂರಾರು ಕೋಟಿ ಸುರಿದು ಸಿನಿಮಾ ಮಾಡುತ್ತಾರಂತೆ, ನಮ್ಮ ಮಣ್ಣಿನ ಸೂಪರ್ ಹೀರೋ ಅಂತೆ. ಭಾಗವತ ದೊಡ್ಡರಂಗಯ್ಯನವರನ್ನು ಕೂರಿಸಿಕೊಂಡು ಇಡೀ ಕಥೆ ರೆಕಾರ್ಡ್ ಮಾಡಿದರು. ದಾಸಮ್ಮನ ಮನೆಗೂ ಬಂದು ಚಾಪೆ ಮೇಲೆ ಕೂತು ಕಾಫಿ ಕುಡಿದರು.

"ನಿಮ್ಮನ್ನ ಒಂದೇ ಒಂದ್ ಕೇಳ್ಕೊತೀನಿ ಸಾಮಿ," ಅಂದಳು ದಾಸಮ್ಮ. "ಪದದಲ್ಲಿ ಹೆಂಗೈತೋ ಅಂಗೇ ಮಾಡಿ. ಬೀರ ತಂಬ್ಗೇನ ಬಾಯಿಗಿಟ್ಕೊಂಡು ಕುಡೀಬೇಕು. ನಾನೊಂದ್ಸಲ ನೋಡ್ಬೇಕು."

"ಅಜ್ಜಿ, ಆ ಸೀನ್ ಇಲ್ದೆ ಸಿನಿಮಾನೇ ಇಲ್ಲ. ಕ್ಯಾಮೆರಾನ ತಂಬಿಗೆ ಪಕ್ಕಕ್ಕೇ ಇಡ್ತೀನಿ," ಅಂದರು ಅವರು.

ಅವತ್ತಿನಿಂದ ದಾಸಮ್ಮ ಕಾದಳು. ಹೋದ ವರ್ಷ ದೊಡ್ಡರಂಗಯ್ಯನವರು ತೀರಿಕೊಂಡರು. ಪದ ಬಲ್ಲವರು ಬೇರೆ ಇರಲಿಲ್ಲವಾಗಿ ಆಟವೂ ನಿಂತುಹೋಯಿತು. ಇನ್ನು ಬೀರ ಆ ತಂಬಿಗೆ ಕಚ್ಚಿ ಕುಡಿಯುವುದನ್ನು ನೋಡಬೇಕೆಂದರೆ ಸಿನಿಮಾದಲ್ಲೇ ನೋಡಬೇಕು.

ಸಿನಿಮಾ ಬಂದ ಮೊದಲ ವಾರ ಊರವರು ಟೆಂಪೋ ಮಾಡಿಕೊಂಡು ಮಧುಗಿರಿಗೆ ಬೆಳಗಿನ ಆಟಕ್ಕೆ ಹೋದರು. ಮೊಮ್ಮಗಳು ಸಂಘಮಿತ್ರಾ ದಾಸಮ್ಮನ ಪಕ್ಕ. ಡಿಗ್ರಿ ಓದುವ ಹುಡುಗಿ, ನೋಡಿದ ಸಿನಿಮಾಕ್ಕೆಲ್ಲ ಪ್ಲಸ್ಸು ಮೈನಸ್ಸು ಹೇಳಿ ಫೋನಿನಲ್ಲಿ ಹಾಕುವ ಹುಚ್ಚು. ಎರಡು ಸಾಲು ಮುಂದೆ ರೇಣುಕಯ್ಯ, ಕೋಲು ಕಾಲ ನಡುವೆ ಇಟ್ಟುಕೊಂಡು.

ಇಂಟರ್‌ವಲ್ ತನಕ ದಾಸಮ್ಮ ಕಣ್ಣು ಮಿಟುಕಿಸಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿತ್ತು. ಬಂಡೆ ಉರುಳುವಾಗ ಕೂತ ಕುರ್ಚಿಯೇ ನಡುಗಿತು. ಆಟದಲ್ಲಿ ಅದೇ ಬಂಡೆ ಅಂದರೆ ಗೋಣಿಚೀಲಕ್ಕೆ ಹುಲ್ಲು ತುರುಕಿ ಸುಣ್ಣ ಬಳಿದದ್ದು!

"ಲೇ ಮಿತ್ರಾ, ಆ ಹುಡುಗನ ಕಣ್ಣು ನೋಡ್ದೇನೇ? ಹೊರೆ ಹೊತ್ತೋರ್ ಕಣ್ಣು ಕಣೇ ಅದು. ಹೊರೋದ್ನ ಕಲ್ತವ್ನೆ," ಅಂದಳು ಇಂಟರ್‌ವಲ್‌ನಲ್ಲಿ.

ಆಮೇಲೆ ಶುರುವಾಯಿತು ರಗಳೆ. ಬೀರನಿಗೆ ಮಿರಮಿರ ಮಿಂಚುವ ರಬ್ಬರ್ ಅಂಗಿ ತೊಡಿಸಿದರು. ಆಕಾಶದಿಂದ ಯಾರೋ ಇಳಿದರು, ಇವನು ಹಾರಿದ, ಅವರು ಬಿದ್ದರು, ಪಟ್ಟಣಕ್ಕೆ ಪಟ್ಟಣವೇ ಪುಡಿಯಾಯಿತು. ಅರ್ಧ ಗಂಟೆ ಬರೀ ಗುದ್ದಾಟ. ಮೊದಲರ್ಧದಲ್ಲಿದ್ದ ಬೀರನ ತಾಯಿ ಎಲ್ಲಿ ಹೋದಳೋ ಪತ್ತೆಯಿಲ್ಲ. ಮೂರು ದಿನದ ನಡಿಗೆಯನ್ನು ಒಂದೇ ನೆಗೆತದಲ್ಲಿ ಮುಗಿಸಿದ. ನಡೆಯದಿದ್ದವನಿಗೆ ಸುಸ್ತೆಲ್ಲಿಂದ ಬರಬೇಕು? ದಾಸಮ್ಮ ಕುರ್ಚಿಯ ತುದಿಗೆ ಬಂದು ಕೂತಳು. ನನ್ನ ಸೀನು ಇಟ್ಟಿದ್ದರೆ ಸಾಕಪ್ಪ ಶಿವನೇ, ಬೇರೆ ಏನು ಬೇಕಾದರೂ ಹಾಳಾಗಲಿ ಅಂದುಕೊಂಡಳು.

ಕೊನೆಗೂ ಬೀರ ಬಿದ್ದ. ಏರಿಯ ಮೇಲೆಯೇ ಬಿದ್ದ. ಸದ್ದೆಲ್ಲ ಅಡಗಿತು. ಆ ಕತ್ತಲೆಯ ನಾಲ್ಕೂ ಗೋಡೆಯಿಂದ ತೀರಿಹೋದ ದೊಡ್ಡರಂಗಯ್ಯನವರ ದನಿ ಎದ್ದಿತು.

"ನೀರು ಕೊಡೋರಿಲ್ವೇನ್ರಪ್ಪೋ!"

ದಾಸಮ್ಮ ಎದ್ದುಬಿಟ್ಟಳು. ಯೋಚನೆ ಮಾಡಿ ಎದ್ದದ್ದಲ್ಲ. ಮೂವತ್ತೊಂದು ವರ್ಷ ಆ ಕೂಗಿಗೆ ಎದ್ದ ಕಾಲು, ಸುಮ್ಮನೆ ಕೂರುತ್ತದೆಯೇ? ಮಡಿಲಲ್ಲಿದ್ದ ನೀರಿನ ಬಾಟಲಿ ಹಿಡಿದು, ಮುಚ್ಚಳ ತಿರುಗಿಸುತ್ತ, ನಡುದಾರಿಯಲ್ಲಿ ನಾಲ್ಕು ಹೆಜ್ಜೆ ಇಳಿದೂ ಬಿಟ್ಟಳು.

"ಕೂತ್ಕೊಳ್ಳಮ್ಮೋ!" ಅಂತ ಹಿಂದಿನಿಂದ ಯಾರೋ ಕೂಗಿದರು. ಕೆಲವರು ನಕ್ಕರು. ಪರದೆಯ ಮೇಲೆ ಮೋಡ ಸೀಳಿ ನೀಲಿ ಬೆಳಕೊಂದು ಇಳಿದು ಬೀರನ ಎದೆಯ ಬಿಲ್ಲೆಗೆ ತಾಗಿತು. ರಬ್ಬರ್ ಅಂಗಿ ಹೊತ್ತಿಕೊಂಡಂತಾಗಿ ಬೀರ ತಾನಾಗಿಯೇ ಎದ್ದು ನಿಂತ. ತಂಬಿಗೆ ಇಲ್ಲ, ನೀರಿಲ್ಲ, ಹೆಂಗಸೇ ಇಲ್ಲ. ಕೂಗು ಇಟ್ಟುಕೊಂಡಿದ್ದರು, ಓಗೊಟ್ಟವಳನ್ನು ಬಿಟ್ಟಿದ್ದರು. ಮುಚ್ಚಳ ತೆಗೆದ ಬಾಟಲಿ ಹಿಡಿದು ನಿಂತ ದಾಸಮ್ಮನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಕೋಲು ಕುಟ್ಟಿದ ಸದ್ದು. ರೇಣುಕಯ್ಯ ಎದ್ದು ನಿಂತಿದ್ದರು. ಆ ಕೂಗು ಅವರಿಗೂ ಕೇಳಿತ್ತಲ್ಲ.

"ಇತ್ತ ಕೊಡು ದಾಸಮ್ಮ," ಅಂದರು.

ಆಕೆ ಅಭ್ಯಾಸದಂತೆ ಬಾಟಲಿಯನ್ನು ಮೇಲೆತ್ತಿ ಬಗ್ಗಿಸಲು ಹೋದಳು. ಆದರೆ ಬೊಗಸೆ ಬರಲಿಲ್ಲ. ಮುದುಕ ಬಾಟಲಿಯನ್ನೇ ಇಸಿದುಕೊಂಡು, ಬಾಯಿಗೆ ಕಚ್ಚಿಕೊಂಡು, ಎಲ್ಲರೆದುರು ಗಟಗಟ ಕುಡಿದರು. ಗಂಟಲಿನ ಸದ್ದು ದಾಸಮ್ಮನಿಗೆ ಕೇಳಿಸಿತು. ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು.

"ಪದದಲ್ಲಿ ಇಂಗೇ ಅಲ್ವೇನಮ್ಮ ಇರೋದು," ಅಂದು ಬಾಟಲಿ ವಾಪಸು ಕೊಟ್ಟು ಕೂತರು.

ದಾಸಮ್ಮನೂ ಬಂದು ಕೂತಳು. ಮುಂದಿನ ಸಿನಿಮಾ ಆಕೆಯ ಕಣ್ಣಿಗೆ ಬೀಳಲೇ ಇಲ್ಲ.

ಹೊರಗೆ ಬಿಸಿಲಲ್ಲಿ ಟೆಂಪೋ ಹತ್ತುವ ಮುಂಚೆ ಸಂಘಮಿತ್ರಾ ಫೋನು ಹಿಡಿದಳು. "ಅಜ್ಜಿ, ಪ್ಲಸ್ ಏನು, ಮೈನಸ್ ಏನು ಹೇಳು."

"ಬಂಡೆ ಚೆನ್ನಾಗೈತೆ. ಸೌಂಡು ಚೆನ್ನಾಗೈತೆ. ಆ ಹುಡುಗ ಚಿನ್ನದಂಥೋನು, ಅವನ್ದೇನೂ ತಪ್ಪಿಲ್ಲ. ಮೈನಸ್ಸು ಅಂದ್ರೆ, ಅವ್ನಿಗೆ ಬಾಯಾರಿಕೇನೇ ಆಗಕಿಲ್ಲ ಕಣವ್ವ. ಯಾರೂ ಬೇಕಾಗಿಲ್ದೋನ್ನ ಕಟ್ಕೊಂಡು ನಮಗೇನು? ಆ ಡೈರೆಕ್ಟ್ರಿಗೆ ಹೇಳು, ದಾಸಮ್ಮನ ಮನೆ ಕಾಫಿ ದಂಡ ಅಂತ."

ಟೆಂಪೋ ಹೊರಟಿತು. ಕೊರಟಗೆರೆ ದಾಟುವ ಹೊತ್ತಿಗೆ ದಾಸಮ್ಮನಿಗೆ ನಾಲಗೆ ಒಣಗಿತು. ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದಿತ್ತು. ಮುಚ್ಚಳ ತೆಗೆದು, ಸೆರಗಿನ ತುದಿಯಿಂದ ಬಾಟಲಿಯ ಬಾಯನ್ನು ಚೆನ್ನಾಗಿ ಒರೆಸಿದಳು. ಎದುರಿಗೆ ಕೂತಿದ್ದ ರೇಣುಕಯ್ಯ ನೋಡಿದರು.

"ಒರೆಸ್ಕೊಂಡು ಕುಡೀತೀಯಾ?"

"ಮತ್ತಿನ್ನೇನು? ಎಂಜಲಲ್ವ್ರಾ ರೇಣುಕಯ್ನೋರೇ," ಅಂದಳು ದಾಸಮ್ಮ.

ರೇಣುಕಯ್ಯ ಬೊಚ್ಚುಬಾಯಿ ತೆರೆದು ನಕ್ಕರು. "ಹೂಂ ಕಣಮ್ಮ, ಎಂಜಲೇ," ಅಂದರು. ದಾಸಮ್ಮನಿಗೆ ಖುಷಿಯಾಗಿತ್ತು. ಇಷ್ಟಕ್ಕೆ ಮೂವತ್ತೊಂದು ವರ್ಷ ಹಿಡಿಯಿತಲ್ಲ ಅಂತ ಸಿಟ್ಟೂ ಬಂದಿತ್ತು. ಎರಡನ್ನೂ ಇಟ್ಟುಕೊಂಡೇ ಉಳಿದ ನೀರು ಕುಡಿದು ಮುಗಿಸಿದಳು.