ಮುಂದಿನ ಎರಡು ಚಕ್ರಗಳ ಒಗ್ಗಟ್ಟು

ಬಲಗಡೆಯ ಮುಂಚಕ್ರದ ನಟ್ಟೊಂದರ ಮೇಲೆ ಜೇನುನೊಣ ಕುಳಿತು ಮುಂಗಾಲಿನಿಂದ ಮೀಸೆ ಒರೆಸಿಕೊಳ್ಳುತ್ತಿತ್ತು. ಅದೇ ಹೊತ್ತಿನಲ್ಲಿ ಎಡಗಡೆಯ ಮುಂಚಕ್ರ ಗಾಳಿಯಲ್ಲಿ ಗಿರ್ರೆಂದು ತಿರುಗುತ್ತಿತ್ತು. ಎಂಜಿನ್ ಒಂದೇ, ಅಚ್ಚು ಒಂದೇ. ಒಂದು ಚಕ್ರಕ್ಕೆ ದೆವ್ವ ಹಿಡಿದಿದೆ, ಇನ್ನೊಂದು ನೊಣಕ್ಕೆ ಪೀಠ ಕೊಟ್ಟು ಸುಮ್ಮನಿದೆ. ಕಳೆದ ವರ್ಷ ತರೀಕೆರೆಯ ಮೇಲಿನ ಬೆಟ್ಟದಲ್ಲಿ, ಕಾಫಿ ತೋಟದ ಗೇಟು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ದಾರಿಯ ಬಂಡೆಯೊಂದನ್ನು ಹತ್ತಲಾರದೆ ನಿಂತ ಗಾಡಿಯಿಂದಿಳಿದು ನಾನು ಕಂಡದ್ದು ಇದು. ಒಳಗೆ ಕುಳಿತು ಆಕ್ಸಿಲರೇಟರ್ ತುಳಿಯುತ್ತಿದ್ದವರು ನನ್ನ ಚಿಕ್ಕಪ್ಪ.

"ಏನವ್ವಾ, ಹೊಂಟಿತಾ?" ಎಂದು ಕೂಗಿದರು.

"ಅರ್ಧ ಹೊರಟಿದೆ" ಎಂದೆ.

ನಾನು ಜೇನು ಸಾಕುತ್ತೇನೆ. ಭೌತಶಾಸ್ತ್ರ ಓದಿ ಜೇನೇಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಜೇನುತುಪ್ಪ ಕೊಡುತ್ತೇನೆ. ವರ್ಷದ ಬಹುಪಾಲು ನನ್ನ ಪೆಟ್ಟಿಗೆಗಳು ಶಿವನಿ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿರುತ್ತವೆ. ಬೇಸಿಗೆಯ ಮೊದಲ ಮಳೆ ಬಿದ್ದು ಕಾಫಿ ಅರಳುವ ಮುನ್ನ, ಹೂವಿನ ಪರಾಗಸ್ಪರ್ಶಕ್ಕೆಂದು ಅವು ಬೆಟ್ಟ ಹತ್ತಬೇಕು. ತಮಾಷೆಯೆಂದರೆ, ಹೂ ಅರಳಿಸುವ ಮಳೆಯೇ ದಾರಿಯನ್ನೂ ಕೆಸರು ಮಾಡುತ್ತದೆ. ಹೂವಾದರೋ ಕೆಲವೇ ದಿನ. ಕೆಸರು ಒಣಗಲೆಂದು ಅದು ಕಾಯುವುದಿಲ್ಲ.

ಅಂದು ಕೊನೆಗೆ ಟ್ರ್ಯಾಕ್ಟರ್ ಬಂತು, ಹಗ್ಗ ಬಿಗಿಯಿತು, ಒಂದು ಜಗ್ಗಿಗೆ ಗಾಡಿ ಮೇಲೆದ್ದಿತು. ಪೆಟ್ಟಿಗೆಗಳೊಳಗಿನ ಮೇಣದ ಎರಿಗಳು ಅದೇ ಜಗ್ಗಿಗೆ ಕಳಚಿ ಬಿದ್ದವು. ಗೇಟಿನ ಬಳಿ ಇಳಿಸುವಾಗ ಪೆಟ್ಟಿಗೆಗಳ ಸಂದಿಯಿಂದ ತುಪ್ಪ ಸೋರುತ್ತಿತ್ತು. ತೋಟದ ಯಜಮಾನರು ಸಭ್ಯರು, ಒಂದೇ ಮಾತು ಹೇಳಿದರು: "ಮುಂದಿನ ವರ್ಷ ಹೂವಿಗೆ ಮುಂಚೆ ಪೆಟ್ಟಿಗೆ ಸರಿಯಾಗಿ ಬರದಿದ್ರೆ ಬೇರೆಯವರಿಗೆ ಹೇಳ್ತೀನಮ್ಮ, ಬೇಜಾರು ಮಾಡ್ಕೋಬೇಡಿ."

ಹೀಗೆ ನಾನು ಮುಂದಿನ ಅಚ್ಚಿಗೆ ಬೇರೆ ಬಗೆಯ ಡಿಫರೆನ್ಷಿಯಲ್ ಹುಡುಕಲು ಹೊರಟೆ.

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎತ್ತಿನ ಗಾಡಿಗೆ ಇದೊಂದು ಸಮಸ್ಯೆಯೇ ಅಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ರೈಲಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ. ಆದರೆ ಅವುಗಳ ಅಂಚು ಸ್ವಲ್ಪ ಇಳಿಜಾರಾಗಿರುವುದರಿಂದ ತಿರುವಿನಲ್ಲಿ ಹೇಗೋ ಹೊಂದಿಕೊಳ್ಳುತ್ತವೆ. ಇದನ್ನು ಖಚಿತಪಡಿಸಿಕೊಳ್ಳಲು ನಾನು ಬೀರೂರು ಜಂಕ್ಷನ್‌ನಲ್ಲಿ ಬಗ್ಗಿ ಬಗ್ಗಿ ಚಕ್ರ ನೋಡುತ್ತಿದ್ದಾಗ, ಏನೋ ಕಳೆದುಕೊಂಡಿದ್ದಾಳೆಂದು ಇಬ್ಬರು ಹೆಂಗಸರು ನನ್ನ ಜೊತೆ ಬಗ್ಗಿ ಹುಡುಕತೊಡಗಿದರು. ವಿವರಿಸುವುದಕ್ಕಿಂತ "ಸಿಕ್ತು" ಎನ್ನುವುದು ಸುಲಭವಾಗಿತ್ತು.

ಮೋಟಾರು ಗಾಡಿಯಲ್ಲಿ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗ ಬಿಟ್ಟುಕೊಡುವ ಹಲ್ಲುಚಕ್ರಗಳ ಗಂಟೇ ಡಿಫರೆನ್ಷಿಯಲ್. ಅದಕ್ಕೆ ಒಂದು ದೌರ್ಬಲ್ಯವಿದೆ. ಜಾರುವ ಚಕ್ರಕ್ಕೆ ಎಷ್ಟು ಬಲ ಸಾಕೋ, ನಿಂತ ಚಕ್ರಕ್ಕೂ ಅಷ್ಟನ್ನೇ ಕೊಡುತ್ತದೆ. ಗಾಳಿಯಲ್ಲಿ ತಿರುಗಲು ಬಲವೇ ಬೇಡವಾದ್ದರಿಂದ ನೆಲದ ಮೇಲಿನ ಚಕ್ರಕ್ಕೂ ಏನೂ ಸಿಗುವುದಿಲ್ಲ. ನ್ಯಾಯವೇನೋ ಸರಿ, ಗಾಡಿ ಮಾತ್ರ ಹೋಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ನನ್ನ ಗಾಡಿಯಲ್ಲಿ, ಹಿಂದಿನ ಎರಡು ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಲಾಕರ್ ಮೊದಲೇ ಇತ್ತು. ಆ ಬಂಡೆಯ ಬಳಿ ಅವೆರಡೂ ಒಗ್ಗಟ್ಟಾಗಿಯೇ ಜಾರಿದ್ದವು.

ಈ ವಿಷಯದಲ್ಲಿ ಕಡೂರಿನ ಬಸ್ ನಿಲ್ದಾಣದಿಂದ ಅಜ್ಜಂಪುರದ ಈರುಳ್ಳಿ ಮಂಡಿಯವರೆಗೆ ಅಭಿಪ್ರಾಯವಿಲ್ಲದವರನ್ನು ನಾನು ಕಾಣಲಿಲ್ಲ. ಎಲ್ಲರನ್ನೂ ಕೇಳಿಕೊಂಡು ಬಂದವರು ಚಿಕ್ಕಪ್ಪ. "ಇನ್ನೂ ದಪ್ಪ ಹಗ್ಗ ತಗೊಂಡ್ರೆ ಸಾಕಂತೆ ಕಣವ್ವ. ಗಂಡು ನೋಡಕ್ಕೂ ಯಾರೂ ಇಷ್ಟು ದಿನ ತಗಳಲ್ಲ."

"ಗಂಡಿಗೆ ಬೆಟ್ಟ ಹತ್ತೋ ಕೆಲಸ ಇರಲ್ಲವಲ್ಲ ಚಿಕ್ಕಪ್ಪ" ಎಂದು ಆ ಅಧ್ಯಾಯ ಮುಚ್ಚಿದೆ.

ಬೀರೂರಿನ ಮೆಕ್ಯಾನಿಕ್ ಖಲೀಲ್ ಸಾಹೇಬರದು ತಾನಾಗಿಯೇ ಬಿಗಿದು ತಾನಾಗಿಯೇ ಬಿಡುವ ಲಾಕರ್‌ನ ಪರವಾದ ವಾದ. "ಹಾಕ್ಸಿ ಮರ್ತ್‌ಬಿಡಿ ಅಮ್ಮಾ. ನನ್ ಜೀಪ್‌ನಾಗೆ ಅದೇ ಐತೆ, ಬನ್ನಿ ತೋರಿಸ್ತೀನಿ." ನಾನು ಹಳೆಯ ಎರಿಯೊಂದಿದ್ದ ಖಾಲಿ ಪೆಟ್ಟಿಗೆಯನ್ನು ಜೀಪಿನ ಹಿಂದಿಟ್ಟು ಹತ್ತಿದೆ. ಕೆರೆಯಂಗಳದ ಉಬ್ಬುತಗ್ಗಿನಲ್ಲಿ ಪ್ರತಿ ಸಲ ಬಿಗಿದಾಗಲೂ "ಡಬ್" ಎಂದು ಜೀಪು ನಡುಗಿತು. ಸ್ಟೀರಿಂಗ್ ಹಟಮಾರಿ ಕರುವಿನಂತೆ ಎಳೆಯಿತು. ಮರಳಿ ಬಂದು ನೋಡಿದರೆ ಎರಿ ಸೀಳಿಹೋಗಿತ್ತು.

"ಜೀಪ್‌ಗೆ ಏನೂ ಆಗಿಲ್ಲ ನೋಡಿ!" ಎಂದರು ಸಾಹೇಬರು ಹೆಮ್ಮೆಯಿಂದ.

ಇನ್ನೊಂದು ಬಗೆ, ಜಾರುವುದನ್ನು ಮೆಲ್ಲಗೆ ತಡೆಯುವಂಥದ್ದು. ಸ್ವಭಾವ ನನಗೆ ಹಿಡಿಸಿತು. ಆದರೆ ಚಕ್ರ ಪೂರ್ತಿ ಗಾಳಿಯಲ್ಲಿದ್ದಾಗ ಅದು ಹೆಚ್ಚೇನೂ ಮಾಡದು, ನನ್ನ ಬಂಡೆಯ ಬಳಿ ಚಕ್ರ ಇರುವುದೇ ಗಾಳಿಯಲ್ಲಿ. ಉಳಿದದ್ದು ಸ್ವಿಚ್ಚಿನ ಲಾಕರ್: ಒತ್ತಿದರೆ ಎರಡು ಚಕ್ರವೂ ಒಂದಾಗುತ್ತವೆ, ಬಿಟ್ಟರೆ ಮತ್ತೆ ಸ್ವತಂತ್ರ. ಅದನ್ನೇ ಆರಿಸಿದೆ.

"ಅಂದ್ರೆ ನೀನು ಹೇಳ್ದಾಗ ಮಾತ್ರ ಒಗ್ಗಟ್ಟು" ಎಂದರು ಚಿಕ್ಕಪ್ಪ. "ಮನೇಲೂ ಒಂದು ಸ್ವಿಚ್ ಹಾಕ್ಸೇ ತಾಯಿ."

ಸಾಹೇಬರು ಸ್ಪ್ಯಾನರ್ ಒರೆಸುತ್ತಾ, "ಒತ್ತಾಕೆ ಮರ್ತ್ರೆ?" ಎಂದರು.

"ಮರೆಯಲ್ಲ."

"ಬಿಡಾಕೆ ಮರ್ತ್ರೆ?"

ಬಂಡೆ ದಾಟಿದ ಕೂಡಲೇ ಬಲಕ್ಕೆ ಕಡಿದಾದ ತಿರುವಿದೆ, ಎಡಕ್ಕೆ ಕಮರಿ. ಮುಂಚಕ್ರಗಳು ಬಿಗಿದೇ ಇದ್ದರೆ ಗಾಡಿ ನೆಟ್ಟಗೆ ಹೋಗಲು ನೋಡುತ್ತದೆ. ಕಷ್ಟ ಬಂದಾಗ ಒಟ್ಟಾಗುವುದು ಎಲ್ಲರಿಗೂ ಹೊಳೆಯುತ್ತದೆ. ಕಷ್ಟ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ವೇಗಕ್ಕೆ ಮರಳಬೇಕೆಂಬುದನ್ನು ಯಾರಾದರೂ ನೆನಪಿಡಬೇಕು. ಹೆಚ್ಚಿನ ಕುಟುಂಬಗಳಲ್ಲಿ ಆ ಸ್ವಿಚ್ ಯಾರ ಕೈಯಲ್ಲಿದೆಯೆಂದೇ ತಿಳಿಯದು. ನನ್ನ ಗಾಡಿಯಲ್ಲಾದರೂ ಅದು ನನ್ನ ಎಡಗೈಗೆ ಸಿಗುವಲ್ಲಿರಲಿ ಎಂದೆ. ಸಾಹೇಬರು ಅಲ್ಲೇ ಕೂರಿಸಿದರು.

ಈ ವರ್ಷದ ಮೊದಲ ಮಳೆ ಸಂಜೆ ಸುರಿಯಿತು. ನೊಣಗಳು ಗೂಡಿಗೆ ಮರಳಿದ ಮೇಲೆ ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ಬಡಿದು ಗಾಡಿಗೇರಿಸಿದೆವು.

ಮರುದಿನ ಬೆಳಿಗ್ಗೆ ಬಂಡೆಯ ಬುಡದಲ್ಲಿ ನಿಲ್ಲಿಸಿ ಸ್ವಿಚ್ ಒತ್ತಿದೆ, ಮೆಲ್ಲಗೆ ಹತ್ತಿಸಿದೆ. ತಿರುವಿಗೆ ಮೊದಲು ಚಿಕ್ಕಪ್ಪ ಬಾಯಿ ತೆರೆಯುವಷ್ಟರಲ್ಲಿ ಸ್ವಿಚ್ ಬಿಟ್ಟಿದ್ದೆ. ಸ್ಟೀರಿಂಗ್ ಹಗುರವಾಗಿ ತಿರುಗಿತು. ತೋಟದಲ್ಲಿ ಪೆಟ್ಟಿಗೆಗಳನ್ನಿಳಿಸಿ, ಒಂದೊಂದನ್ನೂ ತೆರೆದು, ಎರಿಗಳು ನೆಟ್ಟಗಿರುವುದನ್ನು ನೋಡಿ ಜಾಲರಿ ತೆಗೆದೆ. ಆಮೇಲೆ ಗಾಡಿಯ ಮುಂದೆ ಬಂದೆ. ಎರಡು ಚಕ್ರಗಳಿಗೂ ನಟ್ಟು ಕಾಣದಷ್ಟು ಕೆಸರು ಮೆತ್ತಿತ್ತು. ಕಳೆದ ವರ್ಷ ನೊಣ ಕುಳಿತಿದ್ದ ಬಲಗಡೆಯ ಆ ಒಂದು ನಟ್ಟನ್ನು ಮಾತ್ರ ಬಟ್ಟೆಯಿಂದ ಚೆನ್ನಾಗಿ ಒರೆಸಿಟ್ಟೆ.