ಪೆನ್ಸಿಲಿನಲ್ಲಿ ಬರೆದಿದ್ದ ಸಾಲು

ಕಚೇರಿಯ ಡೈರಿಯಲ್ಲಿ ರೇವತಿ ಪೆನ್ಸಿಲಿನಿಂದ ಬರೆದಿದ್ದ ಒಂದು ಸಾಲನ್ನು ನಾನು ಅಳಿಸಿದೆ. ಅಳಿಸಿ, ರಬ್ಬರಿನ ಪುಡಿಯನ್ನು ಅಂಗೈಯಿಂದ ಗುಡಿಸಿ, ಡೈರಿಯನ್ನು ಒಳಕೋಣೆಗೆ ಕೊಂಡುಹೋಗಿ ನಮ್ಮ ವಕೀಲರ ಮುಂದೆ ಇಟ್ಟೆ. ಅವರು ಕೇಳಿದಾಗ, "ನಾನು ನೋಡಿಲ್ಲ ಸರ್" ಎಂದೆ. ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ಹನ್ನೊಂದು ವರ್ಷ ಬೇಕಾಯಿತೇ ಎಂದು ನೀವು ಕೇಳಿದರೆ — ಬೇಕಾಯಿತು.

ನಾನು ಮಂಗಳೂರಿನ ಒಬ್ಬ ಸಿವಿಲ್ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿ. ಸೇರಿದ್ದು ಟೈಪಿಸ್ಟಾಗಿ. ಆಗ ಅಲ್ಲಿ ದಾಮೋದರಣ್ಣ ಎಂಬ ಹಳೆಯ ಗುಮಾಸ್ತರಿದ್ದರು. ಅವರು ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಅಜ್ಜಿಯ ಬಾಯಿಂದ ತುಳು ಪಾಡ್ದನದ ಹಾಡು ಕಲಿತ ಹಾಗೆಯೇ ಅವರ ಬಾಯಿಂದ ದಾವೆಯ ಭಾಷೆ ಕಲಿತೆ. ಅರ್ಥ ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಕಾನೂನು ಸರ್‌ಗೆ ಗೊತ್ತುಂಟು. ನಮಗೆ ಫಾರ್ಮ್ಯಾಟ್ ಗೊತ್ತಿದ್ದರೆ ಸಾಕು ಮಾರಾಯ್ತಿ" ಎನ್ನುತ್ತಿದ್ದರು ದಾಮೋದರಣ್ಣ. ಸಾಕಾಗಿಯೂ ಇತ್ತು, ತುಂಬ ವರ್ಷ.

ಅವರು ಒಂದು ಪದ್ಧತಿ ಮಾಡಿಟ್ಟಿದ್ದರು. ಡೈರಿಯಲ್ಲಿ ನಿಶ್ಚಯವಾದದ್ದು ಶಾಯಿಯಲ್ಲಿ, ಸಂಶಯ ಇದ್ದದ್ದು ಪೆನ್ಸಿಲಿನಲ್ಲಿ. ಹಿಯರಿಂಗಿನ ದಿನಾಂಕ ಶಾಯಿ. 'ಸರ್ ಹತ್ತಿರ ಕೇಳಬೇಕು' ಎಂಬುದು ಪೆನ್ಸಿಲು. ಕೇಳಿ ಉತ್ತರ ಸಿಕ್ಕಿದ ಮೇಲೆ ಪೆನ್ಸಿಲನ್ನು ಅಳಿಸಿ ಶಾಯಿಯಲ್ಲಿ ಬರೆಯುವುದು. ಹಾಗಾಗಿ ನಮ್ಮಲ್ಲಿ ಪ್ರತಿ ಮೇಜಿನ ಮೇಲೂ ಒಂದು ರಬ್ಬರ್ ಇರುತ್ತಿತ್ತು. ನನ್ನ ಮೇಜಿನ ಮೇಲೂ.

ದಾಮೋದರಣ್ಣ ನಿವೃತ್ತರಾದ ಮೇಲೆ ಡೈರಿ ನನ್ನ ಕೈಗೆ ಬಂತು. ನನಗೆ ಸಹಾಯಕ್ಕೆಂದು ಬಂದವಳು ರೇವತಿ. ಕಾಟಿಪಳ್ಳದಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಆಗಷ್ಟೇ ಬಿ.ಕಾಂ. ಮುಗಿಸಿದ್ದ ಹುಡುಗಿ. ತಂದೆ ಗಲ್ಫಿನಿಂದ ಬೆನ್ನುನೋವು ಹಿಡಿದುಕೊಂಡು ವಾಪಸು ಬಂದಿದ್ದರು. ಅವಳಿಗೆ ಲಾ ಓದಬೇಕೆಂಬ ಆಸೆ. ಸೆಕೆಂಡ್‌ಹ್ಯಾಂಡಿನ ಒಂದು ಸಿವಿಲ್ ಪ್ರೊಸೀಜರ್ ಪುಸ್ತಕವನ್ನು ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಬೈಂಡು ಹಾಕಿ, ಬುತ್ತಿಯ ಜತೆ ತರುತ್ತಿದ್ದಳು. ಊಟದ ಹೊತ್ತಿಗೆ ಓದುತ್ತಿದ್ದಳು. ಸರ್ ಅದನ್ನು ನೋಡಿ ಸಂತೋಷಪಟ್ಟಿದ್ದರು. "ಜೂನಿನಲ್ಲಿ ಕಾಲೇಜಿಗೆ ಸೇರು. ಮಧ್ಯಾಹ್ನದ ಮೇಲೆ ಇಲ್ಲಿಗೆ ಬಾ, ಮುಂದೆ ನನ್ನ ಹತ್ತಿರವೇ ಜೂನಿಯರ್ ಆಗಬಹುದು" ಎಂದಿದ್ದರು. ನನ್ನೆದುರೇ ಹೇಳಿದ್ದು. ನಾನು ಆ ಮೇಜಿನಲ್ಲಿ ಕೂತು ಹದಿನೆಂಟು ವರ್ಷವಾಗಿತ್ತು. ನನ್ನ ಹತ್ತಿರ ಯಾರೂ ಹಾಗೆ — ಇರಲಿ.

ಕುಲಶೇಖರದ ವಿನ್ನಿಬಾಯಿ ಎಂಬ ಟೈಲರಮ್ಮ ನಮ್ಮ ಕಕ್ಷಿದಾರರಾಗಿದ್ದರು. ಮನೆಯ ಮುಂದೆ ಒಂದು ಸಣ್ಣ ಹೊಲಿಗೆ ಅಂಗಡಿ ಕಟ್ಟಿಸಬೇಕೆಂದಿದ್ದರು. ಪಕ್ಕದವನು ತನ್ನ ಗಡಿಯೆಂದು ತಕರಾರು ತೆಗೆದಿದ್ದ. ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತೇನೆಂದು ಹೆದರಿಸಿದ್ದ. ಅದಕ್ಕೆ ನಾವು ಮುಂಚಿತವಾಗಿ ಕೇವಿಯೆಟ್ ಹಾಕಿದೆವು. ಎದುರಾಳಿ ಬಂದು ತಡೆ ಕೇಳಿದರೆ ನಮಗೆ ತಿಳಿಸದೆ, ನಮ್ಮ ಮಾತು ಕೇಳದೆ ಆಜ್ಞೆ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಸಲ್ಲಿಸುವ ಅರ್ಜಿ ಅದು. ಅಂಥ ಎಷ್ಟೋ ಅರ್ಜಿಗಳನ್ನು ನಾನು ಕಣ್ಣುಮುಚ್ಚಿ ಟೈಪು ಮಾಡಿದ್ದೇನೆ. ಆದರೆ ಅದಕ್ಕೆ ತೊಂಬತ್ತು ದಿನದ ಆಯುಷ್ಯ ಮಾತ್ರ, ಆಮೇಲೆ ಹೊಸತು ಹಾಕಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಅಷ್ಟರೊಳಗೆ ದಾವೆ ಬಂದುಬಿಡುತ್ತಿತ್ತು, ಇಲ್ಲವೇ ಸರ್ ತಾವೇ ನೆನಪು ಮಾಡುತ್ತಿದ್ದರು. ಹದಿನೆಂಟು ವರ್ಷ ಗೊತ್ತಿಲ್ಲದೆಯೇ ನಡೆದುಹೋಗಿತ್ತು.

ರೇವತಿಗೆ ಗೊತ್ತಾಯಿತು. ಪುಸ್ತಕದಲ್ಲಿ ಓದಿದ್ದಳು.

"ಅಕ್ಕ, ವಿನ್ನಿಬಾಯಿಯವರ ಕೇವಿಯೆಟ್ ಪುನಃ ಹಾಕ್ಲಿಕ್ಕೆ ಉಂಟಾ? ಮುಂದಿನ ವಾರ ತೊಂಬತ್ತು ದಿನ ಆಗ್ತದೆ."

ನಾನು ಟೈಪು ನಿಲ್ಲಿಸಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಸರ್ ಹತ್ತಿರ ಕೇಳು ಎನ್ನಬಹುದಿತ್ತು. ಆದರೆ ಸರ್ ಹತ್ತಿರ ಹೋದರೆ, ಇಷ್ಟು ವರ್ಷವಾಗಿ ಇದು ನಿಮಗೆ ಗೊತ್ತಿಲ್ಲವಾ ಎಂಬ ಮಾತು ನನಗೆ ಬರುತ್ತದೆ, ಅದೂ ಸೇರಿ ನಾಲ್ಕು ತಿಂಗಳಾದ ಹುಡುಗಿಯ ಎದುರು —

"ಬೇಡ" ಎಂದೆ. "ಒಮ್ಮೆ ಹಾಕಿದರೆ ಹಾಕಿದ ಹಾಗೆ. ಪುಸ್ತಕದ್ದು ಬೇರೆ, ಆಫೀಸಿದ್ದು ಬೇರೆ. ನೀನು ಲಾಯರಾದ ಮೇಲೆ ಕಲಿಸು ಆಯ್ತಾ?"

ಅವಳು ನಕ್ಕಳು. ಚುಚ್ಚು ಮಾತೆಂದು ತಿಳಿಯಲಿಲ್ಲವೋ, ತಿಳಿದೂ ನಕ್ಕಳೋ. ನಮ್ಮ ಕಚೇರಿಯಲ್ಲಿ ಹಿರಿಯರ ಮಾತು ಮೀರಿ ಸರ್ ಕೋಣೆಯ ಬಾಗಿಲು ತಟ್ಟುವ ಕ್ರಮ ಇರಲಿಲ್ಲ. ಅದನ್ನು ಅವಳಿಗೆ ಹೇಳಿಕೊಟ್ಟವಳೂ ನಾನೇ. ಅವಳು ಡೈರಿ ತೆರೆದು, ತೊಂಬತ್ತನೆಯ ದಿನದ ಪುಟದಲ್ಲಿ, ಪೆನ್ಸಿಲಿನಿಂದ ಬರೆದಳು: 'ವಿನ್ನಿಬಾಯಿ ಕೇವಿಯೆಟ್ ಪುನಃ? ಅಕ್ಕ ಬೇಡ ಅಂದರು. ಸರ್ ಹತ್ತಿರ ಕೇಳಬೇಕು.'

ಆ ವಾರ ಸರ್ ಹೈಕೋರ್ಟಿನ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಅವರು ಬರುವಾಗ ಆ ಪುಟ ದಾಟಿಹೋಗಿತ್ತು. ದಾಟಿದ ಪುಟವನ್ನು ಯಾರು ತಿರುಗಿಸುತ್ತಾರೆ?

ಪಕ್ಕದವನು ಕಾದು ಕೂತಿದ್ದನೆಂದು ಆಮೇಲೆ ತಿಳಿಯಿತು. ಕೇವಿಯೆಟ್ ಸತ್ತ ಕೂಡಲೇ ದಾವೆ ಹಾಕಿದ. ನಮಗೆ ನೋಟೀಸಿಲ್ಲ, ನಮ್ಮ ಮಾತಿಲ್ಲ, ತಡೆಯಾಜ್ಞೆ ಸಿಕ್ಕಿತು. ವಿನ್ನಿಬಾಯಿ ಆಜ್ಞೆಯ ಪ್ರತಿ ಹಿಡಿದುಕೊಂಡು ಕಚೇರಿಗೆ ಬಂದರು. ಗೋಡೆ ಎದೆಮಟ್ಟಕ್ಕೆ ಎದ್ದಿತ್ತಂತೆ. ಅವರು ಬೈಯಲಿಲ್ಲ. "ನೀವು ಹೇಳಿದ್ರಲ್ಲ ಬಾಯಿ, ಹೆದರ್ಬೇಡಿ ಅಂತ" ಎಂದರು, ನನ್ನನ್ನು ನೋಡಿ. ಕೇವಿಯೆಟ್ ಹಾಕಿದ ದಿನ ನಾನು ಹೇಳಿದ್ದೆ, ಹೌದು.

ಸರ್ ಒಳಗಿನಿಂದ ಕರೆದರು. "ಡೈರಿ ತನ್ನಿ. ರೇವತಿಯನ್ನೂ ಕರೀರಿ."

ರೇವತಿ ಹೊರಗೆ ಜೆರಾಕ್ಸಿನ ಹತ್ತಿರ ಇದ್ದಳು. ನಾನು ಪುಟ ತಿರುಗಿಸಿದೆ. ಸಾಲು ಅಲ್ಲೇ ಇತ್ತು. 'ಅಕ್ಕ ಬೇಡ ಅಂದರು.' ನಾನು ಯೋಚಿಸಿ ಮಾಡಿದೆನೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯೋಚಿಸಿಯೇ ಮಾಡಿದೆ. ರಬ್ಬರ್ ಎತ್ತಿಕೊಂಡು ಅಳಿಸಿದೆ. ದಿನಕ್ಕೆ ಹತ್ತು ಸಲ ಪೆನ್ಸಿಲು ಅಳಿಸುವ ಕೈ ಅದು.

"ಇದನ್ನು ನೋಡಿಕೊಳ್ಳುವುದು ಯಾರ ಕೆಲಸ ಇತ್ತು?" ಎಂದರು ಸರ್.

"ನಾನು ಬರೆದಿದ್ದೇನೆ ಸರ್" ಎಂದಳು ರೇವತಿ. ಧೈರ್ಯವಾಗಿಯೇ ಹೇಳಿದಳು. "ಕೇಳಬೇಕು ಅಂತ ಪೆನ್ಸಿಲಲ್ಲಿ ಬರೆದಿಟ್ಟಿದ್ದೇನೆ. ನೋಡಿ ಸರ್."

ಸರ್ ಪುಟ ತಿರುಗಿಸಿದರು. ಹಿಂದಿನದು, ಮುಂದಿನದು. ಅವಳು ಬಗ್ಗಿ ನೋಡಿದಳು. ಬಾಯಿ ಸ್ವಲ್ಪ ತೆರೆದೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದಳು. ಸಂಶಯದಿಂದ ಅಲ್ಲ — ಸಹಾಯಕ್ಕೆ.

"ನಾನು ನೋಡಿಲ್ಲ ಸರ್."

"ಬರೆದಿದ್ದೆ ಅಂತ ನನಗೆ..." ಎಂದಳು. ಪುಟವನ್ನು ಇನ್ನೊಮ್ಮೆ ನೋಡಿ, "ಬರೆಯಬೇಕು ಅಂತ ಎಣಿಸಿ ಮರೆತೆನೋ ಏನೋ ಸರ್" ಎಂದಳು. ನಾನು ಬೇಡ ಎಂದದ್ದನ್ನು ಅವಳು ಎತ್ತಲಿಲ್ಲ; ಹಿರಿಯರನ್ನು ದೂರುವ ಕ್ರಮವೂ ನಮ್ಮಲ್ಲಿ ಇರಲಿಲ್ಲ.

ಸರ್ ಸಿಟ್ಟಿನವರಲ್ಲ. ಅವರು ಮೆಲ್ಲಗೆ ಹೇಳಿದ್ದೇ ಕೆಟ್ಟದಾಯಿತು. "ತೊಂಬತ್ತು ದಿನ ನೆನಪಿಡ್ಲಿಕ್ಕೆ ಆಗದಿದ್ದರೆ ಲಾಯರಾಗಿ ಎಂತ ಮಾಡ್ತೀಯ ಮಗಾ? ಈ ಕೆಲಸ ಎಲ್ಲರಿಗೂ ಆಗುವುದಿಲ್ಲ." ತಿಂಗಳ ಕೊನೆಗೆ ಅವಳು ಬಿಟ್ಟಳು. ಜೂನಿನಲ್ಲಿ ಯಾವ ಕಾಲೇಜಿಗೂ ಸೇರಲಿಲ್ಲ. ಹೋಗುವ ದಿನ ಕ್ಯಾಲೆಂಡರಿನ ಬೈಂಡು ಹಾಕಿದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ನೀವು ಇಟ್ಟುಕೊಳ್ಳಿ ಅಕ್ಕ, ನನಗೆ ಇನ್ನು ಎಂತಕ್ಕೆ" ಎಂದಳು. ನಾನು ಇಟ್ಟುಕೊಂಡೆ.

ಆಮೇಲೆ ನಾನು ಓದಿದೆ — ಅವಳ ಪುಸ್ತಕವನ್ನೇ. ಅವಳು ಗೆರೆ ಎಳೆದಲ್ಲಿ ನಿಲ್ಲಿಸಿ, ಎರಡೆರಡು ಸಲ. ಯಾವ ಅರ್ಜಿಗೆ ಎಷ್ಟು ದಿನ, ಯಾವುದು ತಪ್ಪಿದರೆ ಏನಾಗುತ್ತದೆ, ಎಲ್ಲ ಕಲಿತೆ. ಇ-ಫೈಲಿಂಗ್ ಬಂದಾಗ ನಮ್ಮ ಬೀದಿಯ ಕಚೇರಿಗಳಿಂದೆಲ್ಲ ನನ್ನ ಹತ್ತಿರ ಕೇಳಲು ಬಂದರು. ಆಫೀಸ್ ಮ್ಯಾನೇಜರ್ ಎಂದು ನನ್ನ ಹೆಸರಿನ ಫಲಕ ಬಂತು. ಈಗ ಶನಿವಾರ ಮಧ್ಯಾಹ್ನ ವಕೀಲರ ಕಚೇರಿಗಳಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ತರಗತಿ ತೆಗೆದುಕೊಳ್ಳುತ್ತೇನೆ. ಟೈಪಿಂಗಿನಲ್ಲಿ ನಿಂತುಬಿಡಬೇಡಿ, ಕಾನೂನು ತಿಳಿದುಕೊಂಡು ಮೇಲೆ ಬನ್ನಿ ಎಂದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ ಎಂದು ಮೊದಲ ತರಗತಿಯಲ್ಲೇ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ.

ಹೋದ ತಿಂಗಳು ರಕ್ತಪರೀಕ್ಷೆಗೆ ಫಳ್ನೀರಿನ ಒಂದು ಲ್ಯಾಬಿಗೆ ಹೋಗಿದ್ದೆ. ಕೌಂಟರಿನಲ್ಲಿ ರೇವತಿ. ಎದ್ದು ನಿಂತು, "ಅಕ್ಕ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮದುವೆಯಾಗಿದೆಯಂತೆ, ಒಬ್ಬಳು ಮಗಳಂತೆ. ನನ್ನ ಹೆಸರು ಕಂಪ್ಯೂಟರಿಗೆ ಹಾಕಿದಳು. ಆಮೇಲೆ ಅದನ್ನೇ ಒಂದು ನೋಟುಬುಕ್ಕಿನಲ್ಲಿ ಬರೆದಳು. ಆಮೇಲೆ ಅಂಗೈಯ ಮೇಲೂ ನಂಬರು ಬರೆದುಕೊಂಡಳು.

"ಎಂತ ಮಾರಾಯ್ತಿ, ಮೂರು ಮೂರು ಕಡೆ?" ಎಂದೆ.

"ನನ್ನ ತಲೆಯನ್ನು ನಂಬ್ಲಿಕ್ಕೆ ಆಗುವುದಿಲ್ಲ ಅಕ್ಕ. ನಿಮಗೆ ಗೊತ್ತುಂಟಲ್ಲ" ಎಂದು ನಕ್ಕಳು. "ಬರೆದಿದ್ದೇನೆ ಅಂತ ಅನಿಸ್ತದೆ, ನೋಡಿದ್ರೆ ಬರೆದಿರುವುದಿಲ್ಲ. ಮಗಳಿಗೆ ನನ್ನ ಮರೆವು ಬರದಿದ್ದರೆ ಸಾಕು."

ಆಗಲೂ ನಾನು ಹೇಳಲಿಲ್ಲ. ತೋಳು ಚಾಚಿ ರಕ್ತ ಕೊಟ್ಟು ಬಂದೆ. ಸೂಜಿ ಚುಚ್ಚಿದ್ದು ತಿಳಿಯಲಿಲ್ಲ.

ನಾನು ಅವಳ ಕೆಲಸ ಕಳೆದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಕಳೆದದ್ದು ಅದಲ್ಲ.

ಮೊನ್ನೆ ಕಪಾಟಿನ ಮೇಲಿನ ಕಟ್ಟು ಬಿಚ್ಚಿ ಆ ವರ್ಷದ ಡೈರಿ ತೆಗೆದೆ. ಆ ಜಾಗದಲ್ಲಿ ಕಾಗದ ಕೊಂಚ ಒರಟಾಗಿದೆ, ಅಷ್ಟೇ. ಓದಲು ಏನೂ ಉಳಿದಿಲ್ಲ. ಅದನ್ನು ಸರ್ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರಿಗೆ ಈಗ ಎಪ್ಪತ್ತೆರಡು. ಬಹಳ ಹೊತ್ತು ಕನ್ನಡಕ ಒರೆಸಿದರು. "ಈಗ ಹೇಳಿ ಎಂತ ಪ್ರಯೋಜನ ಪ್ರೇಮಾ?" ಎಂದರು. ಶನಿವಾರದ ತರಗತಿಯನ್ನು ಬೇರೆಯವರು ತೆಗೆದುಕೊಳ್ಳಲಿ ಎಂದು ಬರೆದು ಕಳುಹಿಸಿದ್ದೇನೆ. ವಿನ್ನಿಬಾಯಿಯ ತಡೆಯಾಜ್ಞೆ ಎಂಟು ತಿಂಗಳ ಮೇಲೆ ತೆರವಾಗಿತ್ತು, ಅಂಗಡಿ ಎದ್ದಿತ್ತು. ಆದರೆ ಅವರು ಈಗ ಇಲ್ಲ. ಅವರಿಗೆ ಹೇಳುವುದು ತಪ್ಪಿಯೇ ಹೋಯಿತು.

ಡೈರಿಯ ಆ ಒರಟು ಜಾಗದಲ್ಲಿ ನಾನು ಶಾಯಿಯಲ್ಲಿ ಬರೆದಿದ್ದೇನೆ: 'ರೇವತಿ ಇಲ್ಲಿ ಬರೆದಿದ್ದಳು. ಅಳಿಸಿದ್ದು ನಾನು.' ಕೆಳಗೆ ಸಹಿ ಹಾಕಿದ್ದೇನೆ.

ಸೋಮವಾರ ಅರ್ಧ ದಿನ ರಜೆ ಹಾಕಿ ಫಳ್ನೀರಿಗೆ ಹೋಗುತ್ತೇನೆ. ಟೋಕನ್ ತೆಗೆದುಕೊಂಡು ಎಲ್ಲರ ಹಾಗೆ ಕೂರುತ್ತೇನೆ. ಅವಳು ಕರೆದಾಗ ಡೈರಿಯನ್ನು ಕೌಂಟರಿನ ಮೇಲಿಟ್ಟು ಆ ಪುಟ ತೆರೆಯುತ್ತೇನೆ. ಅವಳು ಏನೆನ್ನುವಳೋ, ಏನೂ ಅನ್ನದೆ ಮುಂದಿನ ನಂಬರು ಕರೆಯುವಳೋ, ಅದು ಅವಳಿಗೆ ಬಿಟ್ಟದ್ದು. ನನಗೆ ಹೇಳಲಿಕ್ಕೆ ಇರುವುದು ಸ್ವಲ್ಪವೇ.

ನೀನು ಮರೆತಿರಲಿಲ್ಲ, ರೇವತಿ. ನೀನು ಬರೆದಿದ್ದಿ.