ಮೊದಲ ಬಟ್ಟಲು ಗಂಜಿ

ನನ್ನ ದೊಡ್ಡಪ್ಪ ವೆಲ್ಲಿಂಗಿರಿಯವರಿಗೆ ಕಾಯಿಲೆ ಬಂದಿದೆಯೆಂದು ಮೊದಲು ತಿಳಿದದ್ದು ಇರುವೆಗಳಿಗೆ. ಹಿತ್ತಲಿನ ತೆಂಗಿನ ಬುಡದಲ್ಲಿ, ಅವರು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಹೋಗಿಬರುವ ಜಾಗದಲ್ಲಿ, ಬೆಳಗಾಗುವಷ್ಟರಲ್ಲಿ ಕಟ್ಟಿರುವೆ ಸಾಲುಗಟ್ಟಿರುತ್ತಿತ್ತು. ದೊಡ್ಡಮ್ಮ ಶಿವಗಾಮಿ ಅದನ್ನು ನೋಡಿ, ಗಂಡ ಕದ್ದು ಬೆಲ್ಲ ತಿಂದು ಅಲ್ಲಿ ಹೋಗಿ ಕೈ ತೊಳೆಯುತ್ತಾರೆ ಎಂದುಕೊಂಡು ಬೆಲ್ಲದ ಗಡಿಗೆಯನ್ನು ಅಟ್ಟಕ್ಕೇರಿಸಿದರು. ಇರುವೆಗಳು ಕಡಿಮೆಯಾಗಲಿಲ್ಲ. ದೊಡ್ಡಪ್ಪ ಮಾತ್ರ ಕಡಿಮೆಯಾಗುತ್ತ ಬಂದರು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ.

ಅದು ಮೂವತ್ತಾರನೆಯ ಇಸವಿ. ನಾನು ಆಗ ಪೊಳ್ಳಾಚಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಅಲ್ಲಿಗೆ ಹತ್ತಿರದ ನೆಗಮಂ ನಮ್ಮೂರು; ಅಲ್ಲಿನ ನಮ್ಮ ನೇಕಾರರ ಬೀದಿಯಲ್ಲಿ ಬಿ.ಎ. ಓದಿದವನು ನಾನೊಬ್ಬನೇ. ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ದೊಡ್ಡಪ್ಪ ಸೀರೆ ನೇಯ್ದು ನನ್ನನ್ನು ಓದಿಸಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಇದ್ದದ್ದು ಒಂದು ಕುಣಿಮಗ್ಗ, ಗಟ್ಟಿಯಾದ ಗಂಟಲು, ಮತ್ತು ಬೀದಿಯ ಎಜಮಾನಿಕೆ.

ಆ ಎಜಮಾನಿಕೆಯ ಮುಖ್ಯ ಕೆಲಸ ಬೆಳಗಿನಲ್ಲಿ. ನೇಯುವ ಮೊದಲು ಉದ್ದ ನೂಲನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಅಕ್ಕಿಯ ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ನಮ್ಮಲ್ಲಿ ಇದಕ್ಕೆ ಪಾವು ಹಾಕುವುದು ಎನ್ನುತ್ತಾರೆ. ಒಬ್ಬರ ಪಾವಿಗೆ ಬೀದಿಯವರೆಲ್ಲ ಕೈ ಕೊಡುತ್ತಾರೆ. ಗಂಜಿಯಲ್ಲಿ ಒಂದು ಮರಳಿನ ಕಣವಿದ್ದರೂ ಎಳೆ ಹರಿಯುತ್ತದೆ. ಆದ್ದರಿಂದ ಕುಂಚ ಅದ್ದುವ ಮೊದಲು ಎಜಮಾನ ಆ ಗಂಜಿಯನ್ನು ಒಂದು ಕಂಚಿನ ಬಟ್ಟಲು ತುಂಬ ಕುಡಿದು, ಬಟ್ಟಲನ್ನು ಬೋರಲು ಹಿಡಿದು ತೋರಿಸಿ, "ಎಳೆ ಹರೀದಿರಲಿ" ಎನ್ನಬೇಕು. ಆಮೇಲೆಯೇ ಕೆಲಸ. ದೊಡ್ಡಪ್ಪ ಮೂವತ್ತು ವರ್ಷ ಇದನ್ನು ನಡೆಸಿಕೊಂಡು ಬಂದಿದ್ದರು. ಪಾವು ಹಾಕುವ ಮನೆ ಯಾವುದೇ ಇರಲಿ, ಗಂಜಿ ಕಾಯಿಸಿ ಸೋಸುವುದು ದೊಡ್ಡಮ್ಮ.

ಬಲಗಾಲಿನ ಹೆಬ್ಬೆರಳಿನ ಹುಣ್ಣು ಇಲ್ಲದಿದ್ದರೆ ಅವರು ಡಾಕ್ಟರ ಹತ್ತಿರ ಬರುತ್ತಲೇ ಇರಲಿಲ್ಲ. ಮಗ್ಗದ ಕುಣಿಯಲ್ಲಿ ತುಳಿಯುವ ಹಲಗೆಯ ಸಿಬಿರು ಆಡಿ ತಿಂಗಳಲ್ಲಿ ಚುಚ್ಚಿದ್ದು, ಎರಡು ತಿಂಗಳು ಕಳೆದು ಪುರಟ್ಟಾಸಿ ಬಂದರೂ ಮಾಯ್ದಿರಲಿಲ್ಲ. ಅರಿಶಿನ, ಬೇವು ಎಲ್ಲ ಆಗಿತ್ತು. ಕೊನೆಗೆ ನಾನು ಹಟ ಹಿಡಿದು ಕೋಯಮತ್ತೂರಿನಲ್ಲಿ ಡಾಕ್ಟರ್ ರಾಘವೇಂದ್ರರಾಯರ ಬಳಿಗೆ ಕರೆದುಕೊಂಡು ಹೋದೆ.

ರಾಯರು ಕಾಲು ನೋಡಿದರು, ದಾಹದ ವಿಷಯ ಕೇಳಿದರು, ಇರುವೆಯ ವಿಷಯ ಕೇಳಿ ತಲೆದೂಗಿದರು. ಗಾಜಿನ ಕೊಳವೆಯಲ್ಲಿ ಒಂದು ನೀಲಿ ನೀರು ಹಾಕಿ, ಅದಕ್ಕೆ ದೊಡ್ಡಪ್ಪನ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಕೆಂಪಿಗೆ ತಿರುಗಿ ನಿಂತಿತು.

"ನೋಡಿ ಎಜಮಾನ್ರೇ, ಇಟ್ಟಿಗೆ ಕೆಂಪು" ಎಂದರು ರಾಯರು.

ದೊಡ್ಡಪ್ಪ ಕೊಳವೆಯನ್ನು ಬೆಳಕಿಗೆ ಹಿಡಿಸಿ, ಕಣ್ಣು ಕಿರಿದು ಮಾಡಿ ನೋಡಿ, ನಮ್ಮ ಕಡೆ ಮರ್ಯಾದೆಗೆ ಮಾತಿನ ಕೊನೆಗೆ ಸೇರಿಸುವ 'ಂಗ' ಹಚ್ಚಿ ಹೇಳಿದರು. "ಇಟ್ಟಿಗೆ ಅಲ್ಲಾಂಗ ಸಾಮಿ. ಇದು ಮಂಜಿಷ್ಠದಲ್ಲಿ ಎರಡು ಸಲ ಅದ್ದಿದ ಕೆಂಪು. ಎಂಥಾ ಬಣ್ಣ! ನೂಲಿಗೆ ಹಿಡೀತದಾ?"

ರಾಯರು ನಕ್ಕರು. "ಈ ಬಣ್ಣ ಬರಲೇಬಾರದು. ಹಾಕಿದ ನೀಲಿ ನೀಲಿಯಾಗಿಯೇ ಇರಬೇಕು."

"ಹಾಕಿದ ಬಣ್ಣ ನಿಂತ್ರೆ ಒಳ್ಳೇದು, ಬಿಟ್ರೆ ಕೆಟ್ಟದು. ನಮ್ಮ ಸೀರೆ ಮಾತೇ. ತಿಳೀತು."

ರಾಯರು ನಗು ನಿಲ್ಲಿಸಿ, ಸಕ್ಕರೆ ಕಾಯಿಲೆ ಎಂದರೇನೆಂದು ನಿಧಾನವಾಗಿ ಹೇಳಿದರು. ಇದು ಹೋಗುವ ಕಾಯಿಲೆಯಲ್ಲ, ಜೊತೆಗಿಟ್ಟುಕೊಂಡು ಬಾಳಬೇಕಾದ ಕಾಯಿಲೆ. ಸಕ್ಕರೆ, ಬೆಲ್ಲ, ಕರುಪ್ಪಟ್ಟಿ ಎಂಬ ತಾಳೆಬೆಲ್ಲ ಮುಟ್ಟಬಾರದು. ಅನ್ನ ಒಂದು ಹಿಡಿ ಸಾಕು. ಕಾಯಿ, ಸೊಪ್ಪು, ಮಜ್ಜಿಗೆ, ಹುರುಳಿ ತಿನ್ನಬಹುದು. ಕಳಿಯನ್ನು, ಎಂದರೆ ಹಿಟ್ಟಿನ ಮುದ್ದೆಯನ್ನು, ಅಳತೆಯಲ್ಲಿ ತಿನ್ನಬಹುದು. "ಸಕ್ಕರೆ ಇಳಿದರೆ ಹುಣ್ಣು ಮಾಯುತ್ತೆ. ಇಳಿಯದೆ ಹೋದರೆ ಬೆರಳು ಕಪ್ಪಾಗುತ್ತೆ. ಕಪ್ಪಾದರೆ ತೆಗೀಬೇಕು. ಬೆರಳಿಗೇ ನಿಲ್ಲುತ್ತೆ ಅಂತಲೂ ಹೇಳಲಾರೆ. ಕಾರ್ತಿಕ ಮುಗಿಯುವಾಗ ಮತ್ತೆ ಬನ್ನಿ."

ಬಸ್ಸಿನಲ್ಲಿ ದೊಡ್ಡಪ್ಪನ ಪಕ್ಕದಲ್ಲಿ ಕುಳಿತಿದ್ದೆ. ನಾನು ಕೆಳಗೆ ನೋಡಿದೆ. ಅವರ ಎರಡು ಪಾದಗಳೂ ಬಸ್ಸಿನ ಹಲಗೆಯ ಮೇಲೆ ಒಂದಾದ ಮೇಲೆ ಒಂದು ಒತ್ತುತ್ತಿದ್ದವು, ಎಡ, ಬಲ, ಎಡ, ಬಲ. ಮಗ್ಗದಲ್ಲಿ ಒಂದು ಕಾಲು ಒತ್ತಿದರೆ ಅರ್ಧ ಎಳೆ ಏಳುತ್ತದೆ, ಇನ್ನೊಂದು ಒತ್ತಿದರೆ ಉಳಿದರ್ಧ. ಒಂದು ಕಾಲಿನಿಂದ ಬಟ್ಟೆಯಾಗುವುದಿಲ್ಲ.

ಮನೆಯಲ್ಲಿ ಹೊಸ ಬಾಳು ತಟ್ಟೆಯಿಂದ ಶುರುವಾಯಿತು. ದೊಡ್ಡಪ್ಪನ ತಂದೆ ಕಳಿ ತಿಂದು ಬದುಕಿದವರು. ಎರಡು ಹೊತ್ತೂ ಬಿಳಿ ಅನ್ನ ಉಣ್ಣುವುದು ದೊಡ್ಡಪ್ಪ ತಮ್ಮ ಕೈಯಿಂದ ಗಳಿಸಿದ ಮರ್ಯಾದೆ. ದೊಡ್ಡಮ್ಮನ ತವರು ಅನ್ನೂರಿನ ಕಡೆಯ ಮಳೆ ನಂಬಿದ ಹೊಲದ ಸೀಮೆ, ಸಜ್ಜೆಯ ಸೀಮೆ. ಸಜ್ಜೆಗೆ ನಾವು ಕಂಬು ಎನ್ನುತ್ತೇವೆ. ಮದುವೆಯಾದಂದಿನಿಂದ ಅವರನ್ನು "ಕಂಬಿನ ಊರವಳು" ಎಂದು ರೇಗಿಸುವುದು ದೊಡ್ಡಪ್ಪನ ಅಭ್ಯಾಸ. ಈಗ ತವರಿನಿಂದ ಒಂದು ಮೂಟೆ ಕಂಬು ಬಂದು ಇಳಿಯಿತು.

"ಏನಿದು?" ಎಂದರು ದೊಡ್ಡಪ್ಪ ತಟ್ಟೆ ನೋಡಿ.

"ಕಂಬು ಕಳಿ. ನಮ್ಮೂರದು."

"ಕೊನೆಗೂ ನಿಮ್ಮೂರು ನನ್ನ ಬಾಯಿಗೇ ಬಂತಾ?"

"ಮೂವತ್ತು ವರ್ಷ ನಕ್ಕ ಬಾಯೀಂಗ ಅದು. ಬರದೆ ಬಿಡ್ತದಾ? ಅಗೀಬೇಡಿ, ನುಂಗಿ."

ದೊಡ್ಡಮ್ಮನ ತಮ್ಮ ಚೆನ್ನಿಯಪ್ಪನ್ ಎದುರುಮನೆಯವನು, ಅವನೂ ನೇಕಾರ. ತಿಣ್ಣೆಯ ಮೇಲೆ ಕುಳಿತು ಈ ಊಟ ನೋಡುವುದೇ ಅವನಿಗೆ ಸಂಜೆಯ ಆಟ. "ಭಾವ, ಇನ್ನೆರಡು ತಿಂಗಳು ಹೀಗೇ ತಿನ್ನಿ. ಆಮೇಲೆ ನಮ್ಮಪ್ಪನ ಹೊಲಕ್ಕೆ ಎತ್ತೇ ಬೇಡ, ನಿಮ್ಮನ್ನೇ ನೊಗಕ್ಕೆ ಕಟ್ಟಬೌದು."

"ನೊಗದ ಇನ್ನೊಂದು ಕಡೆ ನಿನ್ನ ಕಟ್ಟಬೇಕಲ್ಲೋ. ಎತ್ತು ಜೋಡಿ ಇರಬೇಕು, ಒಂದು ಎತ್ತು ಒಂದು ಕತ್ತೆ ಅಂದ್ರೆ ಹೊಲ ನಗ್ತದೆ."

ಪ್ರತಿ ಭಾನುವಾರ ನಾನು ಪೊಳ್ಳಾಚಿಯಿಂದ ಬರುತ್ತಿದ್ದೆ. ರಾಯರು ನೀಲಿ ನೀರಿನ ಸೀಸೆ, ಕೊಳವೆ, ದೀಪ ಕೊಟ್ಟು ಪರೀಕ್ಷೆ ಮಾಡುವುದನ್ನು ನನಗೆ ಕಲಿಸಿದ್ದರು. ಹಿತ್ತಲಿನಲ್ಲಿ ನಾನು ಕಾಯಿಸುವಾಗ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು, ಬಣ್ಣದ ಪಾತ್ರೆಯಿಂದ ನೂಲು ಎತ್ತುವುದನ್ನು ಕಾಯುವವರಂತೆ ಕಾಯುತ್ತಿದ್ದರು. ಮೊದಲ ಭಾನುವಾರ ಕೆಂಪು. ಎರಡನೆಯದೂ ಕೆಂಪು. ಆಮೇಲಿನದೂ ಅದೇ.

ಮನೆಯೊಳಗೆ ಅನುಮಾನ ಹುಟ್ಟಿತು. ದೊಡ್ಡಮ್ಮ ಬೆಲ್ಲದ ಗಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ದೊಡ್ಡಪ್ಪ ಪೊಳ್ಳಾಚಿ ಸಂತೆಗೆ ಹೋಗಿಬಂದರೆ ಅವರ ಮೇಲುವಸ್ತ್ರವನ್ನು ಮೂಸಿ ನೋಡುತ್ತಿದ್ದರು. ದೊಡ್ಡಪ್ಪನಿಗೆ, ಇವಳೇ ಪಾಪವೆಂದು ಸಾರಿಗೆ ಬೆಲ್ಲ ಹಾಕುತ್ತಾಳೆಂದು ಅನುಮಾನ. ನಾನೂ ಒಮ್ಮೆ, "ನಿಜ ಹೇಳಿ ದೊಡ್ಡಪ್ಪ, ಎಲ್ಲಾದರೂ ಏನಾದರೂ ತಿಂತೀರಾ?" ಎಂದೆ.

ಅವರು ಚಿಕ್ಕಂದಿನಿಂದ ನನ್ನನ್ನು ಕರೆಯುವ ಮುದ್ದಿನ ಹೆಸರಿನಿಂದಲೇ ಕರೆದರು. "ಕಣ್ಣು, ನಾ ನೇಯ್ದ ಸೀರೇಲಿ ಒಂದು ಎಳೆ ಕಮ್ಮಿ ಇದೆ ಅಂತ ಯಾರಾದ್ರೂ ಹೇಳಿದ್ದಾರಾ? ಬಾಯಿ ವಿಷಯದಲ್ಲಿ ಮಾತ್ರ ಮೋಸ ಮಾಡ್ತೀನಾ?"

ಅವರು ಮೋಸ ಮಾಡುವವರಲ್ಲ. ಆದರೆ ಹುಣ್ಣಿನ ಅಂಚು ಕಪ್ಪಾಗುತ್ತಿತ್ತು. ಮಗ್ಗದ ಕುಣಿಗಿಳಿಯುವಾಗ ಅವರು ಹಲ್ಲು ಕಚ್ಚುವುದು ನನಗೆ ಕಾಣಿಸುತ್ತಿತ್ತು.

ಮುಂದಿನ ತಿಂಗಳು, ಐಪ್ಪಸಿಯ ಮಳೆ ಹಿಡಿಯಿತು. ಒಂದು ವಾರವಿಡೀ ಬಿಡದೆ ಜಿನುಗಿತು. ಬೀದಿಯೆಲ್ಲ ಕೆಸರಾಗಿ, ಜನ ಒಳಗೆ ಕುಳಿತರು. ಆ ಭಾನುವಾರ ನಾನು ಒದ್ದೆಯಾಗಿ ಬಂದು, ದೀಪ ಹಚ್ಚಿ, ಕೊಳವೆ ಕಾಯಿಸಿದೆ. ನೀಲಿ ಹಸಿರಾಯಿತು. ಮುಂದೆ ಹೋಗಲಿಲ್ಲ. ಮತ್ತೂ ಕಾಯಿಸಿದೆ. ಗಿಳಿಯ ರೆಕ್ಕೆಯ ಹಸಿರು, ಹಾಗೆಯೇ ನಿಂತಿತು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಚೆನ್ನಿಯಪ್ಪನ್ ಬೀದಿಗೆ ಕೇಳುವಂತೆ, "ಭಾವ ಹಸಿರಾದ್ರು!" ಎಂದು ಕೂಗಿದ.

ಮರುವಾರ ಬಿಸಿಲು ಬಂತು. ತಡವಾದ ಕೆಲಸ ತೀರಿಸಲು ಮನೆಮನೆಯವರೂ ಪಾವು ಹಾಕಿದರು. ಭಾನುವಾರ ಕೊಳವೆ ಕೆಂಪಾಯಿತು. ಹಿಂದಿಗಿಂತಲೂ ಕೆಂಪು.

ದೊಡ್ಡಪ್ಪ ಎದ್ದು ಕೊಟ್ಟಿಗೆಯ ಕಡೆ ನಡೆದರು, ಬಲಗಾಲು ಎಳೆಯುತ್ತ. ದೊಡ್ಡಮ್ಮ ಮಾತ್ರ ಕೂತಲ್ಲೇ ಕೂತು ಕೊಳವೆಯನ್ನು ದಿಟ್ಟಿಸುತ್ತಿದ್ದರು.

"ಹೋದ ವಾರವೂ ಕಂಬು, ಈ ವಾರವೂ ಕಂಬು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಕೀಲಿ ನನ್ನ ಹತ್ರ. ಹೋದ ವಾರ ಇದ್ದದ್ದು ಮಳೆ. ಮಳೆ ಬಂದ್ರೆ ಬೀದೀಲಿ ಏನಿರಲ್ಲ? ಪಾವಿರಲ್ಲ." ಆಮೇಲೆ ದನಿಯೆತ್ತಿ ಕರೆದರು: "ಏನುಂಗ! ಇಲ್ಲಿ ಬನ್ನಿ. ಈ ವಾರ ಬೆಳಿಗ್ಗೆ ಬೆಳಿಗ್ಗೆ ಎಷ್ಟು ಬಟ್ಟಲು ಆಯ್ತು?"

"ಏನು ಬಟ್ಟಲು?"

"ಗಂಜಿ."

"ಎಷ್ಟು ಪಾವೋ ಅಷ್ಟು. ಒಂದೊಂದು ದಿನ ಮೂರು." ದೊಡ್ಡಪ್ಪನಿಗೆ ಇನ್ನೂ ತಿಳಿಯಲಿಲ್ಲ. "ಅದೇನು ಊಟವಾ? ಅದು ಪಾವಿಂದು. ನೂಲಿಗೆ ಕೊಡೋದು."

"ನೂಲಿಗೆ ಕೊಟ್ಟದ್ದು ನಿಮ್ಮ ಹೊಟ್ಟೆಗೆ ಹೆಂಗೆ ಹೋಯ್ತು? ಒಂದು ಹಿಡಿ ಅನ್ನಕ್ಕೆ ನಾನು ಕಾವಲು ಕೂತ್ರೆ, ಪಡಿ ಅಕ್ಕಿ ಸಾರವೆಲ್ಲ ನನ್ನ ಕೈಯಲ್ಲೇ ಕಾಯಿಸಿ ಕುಡಿಸಿದ್ದೀನಲ್ಲ, ತಾಯೇ!"

ಬೆಳಗಿನಿಂದ ಸಂಜೆಯವರೆಗೆ ಏನೇನು ತಿನ್ನುತ್ತೀರೆಂದು ರಾಯರು ಕೇಳಿದಾಗ ದೊಡ್ಡಪ್ಪ ಒಂದೂ ಬಿಡದೆ ಹೇಳಿದ್ದರು, ಬಾಯಲ್ಲಿ ಹಾಕುವ ಅಡಿಕೆಯನ್ನು ಕೂಡ. ಗಂಜಿ ಅವರ ನೆನಪಿಗೇ ಬಂದಿರಲಿಲ್ಲ. ಅದು ಕೆಲಸ. ಲಾಳಿ ಎಸೆಯುವುದನ್ನು ಯಾರಾದರೂ ಊಟದ ಜೊತೆ ಸೇರಿಸಿ ಹೇಳುತ್ತಾರೆಯೇ? ಸೋಮವಾರ ನಾನು ರಾಯರಿಗೆ ಹೋಗಿ ತಿಳಿಸಿದಾಗ ಅವರು ಹಣೆ ಚಚ್ಚಿಕೊಂಡು ನಕ್ಕು, "ಇವತ್ತಿನಿಂದಲೇ ನಿಲ್ಲಿಸಲಿ. ಇನ್ನೂ ಹೊತ್ತು ಮೀರಿಲ್ಲ" ಎಂದು ಹೇಳಿ ಕಳಿಸಿದರು.

ನಿಲ್ಲಿಸುವುದು ಸುಲಭವಿರಲಿಲ್ಲ. ಎಜಮಾನ ಕುಡಿಯದ ಗಂಜಿಯನ್ನು ಬೀದಿಯವರು ನೂಲಿಗೆ ಮುಟ್ಟಿಸುವುದಿಲ್ಲ. ಒಂದು ಗುಟುಕು ಕುಡಿದು ಬಿಡಿ ಎಂದರೆ, ಬಟ್ಟಲು ಖಾಲಿ ಮಾಡಿ ಬೋರಲು ಹಿಡಿಯಬೇಕು.

"ನನ್ನ ಬೆರಳು ಹೋದ್ರೆ ನಿಲ್ಲೋದು ಒಂದು ಮಗ್ಗ. ಗಂಜಿ ಬಿಟ್ರೆ ಬೀದಿಯೇ ನಿಲ್ತದೆ" ಎಂದರು ದೊಡ್ಡಪ್ಪ.

"ನನಗೆ ಬೀದಿ ಗೊತ್ತಿಲ್ಲೀಂಗ. ನನಗೆ ಗೊತ್ತಿರೋದು ಆ ಒಂದು ಮಗ್ಗದ ಸದ್ದು" ಎಂದರು ದೊಡ್ಡಮ್ಮ.

ಮರುದಿನದ ಪಾವು ಚೆನ್ನಿಯಪ್ಪನದು. ನಾನು ರಜೆ ಹಾಕಿ ಉಳಿದಿದ್ದೆ. ಬಿಳಿ ನೂಲು ಬೀದಿಯುದ್ದಕ್ಕೂ ಬಿಗಿದು ನಿಂತಿತ್ತು. ಕುಂಚ ಹಿಡಿದವರು ಎರಡೂ ಕಡೆ ಕಾದಿದ್ದರು. ದೊಡ್ಡಮ್ಮ ಗಂಜಿಯ ಮಡಕೆ ತಂದಿಟ್ಟು, ಬಟ್ಟಲು ತುಂಬಿ ಗಂಡನ ಕೈಗೆ ಕೊಟ್ಟರು. ದೊಡ್ಡಪ್ಪ ಅದನ್ನು ಹಣೆಗೊತ್ತಿಕೊಂಡರು. ಆಮೇಲೆ ಬಟ್ಟಲನ್ನು ದೊಡ್ಡಮ್ಮನ ಕೈಗೇ ಹಿಂದಕ್ಕೆ ಕೊಟ್ಟು, "ನೀ ಕುಡಿ" ಎಂದರು.

ಹಿರಿಯರಾದ ಗುರುಸಾಮಿ ಗಂಟಲು ಸರಿಪಡಿಸಿಕೊಂಡರು. "ವೆಲ್ಲಿಂಗಿರಿ, ಹೆಂಗಸು ಕುಡಿದ ವಾಡಿಕೆ ಇಲ್ಲಪ್ಪ."

"ಕಾಯಿಸೋದು ಹೆಂಗಸು, ಸೋಸೋದು ಹೆಂಗಸು, ಕಲ್ಲು ಬಂದ್ರೆ ಬೈಸಿಕೊಳ್ಳೋದೂ ಹೆಂಗಸು. ಕುಡಿಯೋಕೆ ಮಾತ್ರ ಗಂಡಸಾಂಗ?" ದೊಡ್ಡಪ್ಪ ಬಲಗಾಲನ್ನು ಮುಂದಿಟ್ಟು ಕಟ್ಟಿದ ಬಟ್ಟೆ ಬಿಚ್ಚಿದರು. "ಇವಳು ಕುಡಿದ್ರೆ ನಾ ಕುಡಿದ ಹಂಗೆ. ಬೇಡ ಅನ್ನೋರು ಈ ಬೆರಳು ನೋಡಿ ಹೇಳಿ."

ಗುರುಸಾಮಿ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ಪಾವು ನನ್ನದು. ಹರಿದ್ರೆ ನನ್ನ ಎಳೆ ಹರೀತದೆ" ಎಂದ ಚೆನ್ನಿಯಪ್ಪನ್. ಆಗ ಮಾತ್ರ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಅಕ್ಕ, ಕುಡಿ."

ದೊಡ್ಡಮ್ಮ ಗೋಡೆಯ ಕಡೆ ಸ್ವಲ್ಪ ತಿರುಗಿ, ಬಟ್ಟಲೆತ್ತಿ ಒಂದೇ ಸಮನೆ ಕುಡಿದರು. ಮುಖ ಕಿವುಚಿಕೊಂಡರು.

"ಥೂ! ಉಪ್ಪಿಲ್ಲ, ಮಜ್ಜಿಗೆಯಿಲ್ಲ. ಇದನ್ನಾ ಮೂವತ್ತು ವರ್ಷ ಕುಡಿದ್ರಿ? ಒಂದು ಮಾತು ಹೇಳ್ಬಾರ್ದಾ?"

"ಕಾಯಿಸಿದವಳು ಎದುರಿಗೇ ನಿಂತಿರ್ತಿದ್ಯಲ್ಲ. ಏನಂತ ಹೇಳ್ಲಿ?"

ಬೀದಿಯೆಲ್ಲ ನಕ್ಕಿತು. ಗುರುಸಾಮಿಯೂ ನಕ್ಕರು. ದೊಡ್ಡಮ್ಮ ಬಟ್ಟಲನ್ನು ಬೋರಲು ಹಿಡಿದು, ನಾಚಿಕೆಯಿಂದ ಮೆಲ್ಲಗೆ, "ಎಳೆ ಹರೀದಿರಲಿ" ಎಂದರು. ಕುಂಚಗಳು ಗಂಜಿಗಿಳಿದವು. ಅಂದು ಒಂದೂ ಎಳೆ ಹರಿಯಲಿಲ್ಲವೆಂದು ನಾನು ಬರೆಯಲಾರೆ. ಎಂದಿನಂತೆ ಕೆಲವು ಹರಿದವು, ಎಂದಿನಂತೆ ಗಂಟು ಹಾಕಿದರು.

ಕಾರ್ತಿಕದ ಕೊನೆಯಲ್ಲಿ ರಾಯರು ಕಾಲು ನೋಡಿದಾಗ ಕಪ್ಪು ಅಂಚು ಕಳಚಿ, ಕೆಳಗೆ ತೆಳ್ಳಗೆ ಹೊಸ ಚರ್ಮ ಬರುತ್ತಿತ್ತು. ಉಗುರು ಹೋಯಿತು, ಬೆರಳು ಉಳಿಯಿತು. ಕೊಳವೆಯ ನೀಲಿ ನೀಲಿಯಾಗಿ ನಿಂತದ್ದು ಅಪರೂಪ. ಬಹಳ ಭಾನುವಾರ ಹಸಿರೇ. ಇಷ್ಟಾದರೆ ಬಾಳಬಹುದು ಎಂದರು ರಾಯರು. ದೊಡ್ಡಪ್ಪ ಕಂಬು ಕಳಿಯನ್ನು ಈಗ ಬೈಯದೆ ನುಂಗುತ್ತಿದ್ದರು. ಯಾರಾದರೂ ನೆಂಟರು ಬಂದರೆ, ಇದು ತಮ್ಮ ಹೆಂಡತಿಯ ಊರಿನದು, ಬೇರೆ ಕಡೆ ಇಂಥದು ಸಿಗುವುದಿಲ್ಲ ಎಂದು ಹೇಳುವಷ್ಟಕ್ಕೆ ಬಂದಿದ್ದರು.

ಪೊಂಗಲ್ ಬರುವ ತೈ ತಿಂಗಳಿಗೆ ಮೊದಲು ಒಂದು ದಿನ ಬಸ್ಸಿಳಿದು ಬೀದಿಗೆ ತಿರುಗಿದರೆ ಅವರ ಮಗ್ಗದ ಸದ್ದು ಕೇಳಿಸಿತು, ಎಡ, ಬಲ, ತಡೆಯಿಲ್ಲದೆ. ಒಳಗೆ ಹೋದೆ. ಮಗ್ಗದ ಮೇಲೆ ಗಿಳಿಹಸಿರಿನ ಸೀರೆ ಅರ್ಧವಾಗಿತ್ತು. ದೊಡ್ಡಮ್ಮನಿಗಂತೆ.

ದೊಡ್ಡಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. "ನೋಡು ಕಣ್ಣು, ನಿನ್ನ ದೊಡ್ಡಪ್ಪನಿಗೆ ಬೇರೆ ಬಣ್ಣವೇ ಸಿಗಲಿಲ್ಲ. ಇದನ್ನ ಯಾವ ಕೊಳವೇಲಿ ನೋಡಿ ನೇಯ್ತಿದ್ದಾರೆ ಅಂತ ನನಗೆ ಗೊತ್ತಿಲ್ಲವಾ? ನಾ ಉಡಲ್ಲ."

"ಉಡಬೇಡ. ಸುಮ್ಮನೆ ಇಟ್ಟುಕೋ" ಎಂದರು ದೊಡ್ಡಪ್ಪ, ಬಲಗಾಲು ಒತ್ತುತ್ತ.

ಪೊಂಗಲ್ ದಿನ ದೊಡ್ಡಮ್ಮ ಅದನ್ನೇ ಉಟ್ಟಿದ್ದರು.